ಪಾಡ್ಯದ ಏಳು ಸಂಕಲ್ಪ, ಮೂರು ಚೀಲ, ಒಂದು ಕಟ್ಟು ಸಕ್ಕರೆ ಅಚ್ಚು

ಪ್ರಶ್ನೆ: ನನಗೆ 41 ವರ್ಷ. ತವರುಮನೆ, ಗಂಡನ ಮನೆ ಎರಡೂ ಗದಗ. ಹದಿನಾರು ವರ್ಷಗಳಿಂದ ಪುಣೆಯ ಸಿಂಹಗಡ ರಸ್ತೆಯಲ್ಲಿ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದೇವೆ. ಎರಡು ವರ್ಷಗಳ ಹಿಂದೆ ಮಾವನವರು ತೀರಿಕೊಂಡ ಮೇಲೆ ಊರ ಮನೆಗೆ ಬೀಗ ಹಾಕಿ ಅತ್ತೆಯವರು ನಮ್ಮಲ್ಲಿಗೆ ಬಂದರು. ಅವರ ಹಿಂದೆ ಒಂದು ಟೆಂಪೋ ಸಾಮಾನು ಬಂತು. ಈ ಸಲ ಮನೆ ಹಗುರಾಗಲಿ ಎಂದು, ಒಂದು ವರ್ಷ ಬಳಸದ ವಸ್ತು ಮನೆಯಲ್ಲಿರಬಾರದು ಎಂಬ ನಿಯಮ ಹಿಡಿದು, ದೀಪಾವಳಿಗೆ ಮುಂಚೆ ಮೂರು ಚೀಲ ತುಂಬಿದೆ. ಎರಡು ಹೋದವು, ಮೂರನೆಯದು ಬಾಲ್ಕನಿಯಲ್ಲಿ ಉಳಿದಿತ್ತು. ಕಾರ್ತಿಕದ ಗೌರಿ ಹುಣ್ಣಿಮೆಯ ಹಿಂದಿನ ದಿನ ಅತ್ತೆಯವರು ಅದರೊಳಗಿಂದ ಸಕ್ಕರೆ ಆರತಿಯ, ಅಂದರೆ ಹಬ್ಬಕ್ಕೆ ಮಾಡುವ ಸಕ್ಕರೆ ಗೊಂಬೆಗಳ, ಮರದ ಅಚ್ಚುಗಳನ್ನು ತಾವೇ ತೆಗೆದು, ಸೆರಗಿನಿಂದ ಒರೆಸಿ, ಮಂಚದ ಕೆಳಗೆ ಇಟ್ಟುಕೊಂಡರು. ಒಂದು ಮಾತೂ ಆಡಲಿಲ್ಲ. ಆದರೆ ಈ ವರ್ಷ ಆರತಿಯನ್ನೂ ಮಾಡಲಿಲ್ಲ.

ಬಲಿಪಾಡ್ಯಮಿಯ ದಿನ ನಾನು ಏಳು ಸಂಕಲ್ಪ ಬರೆದಿದ್ದೆ: ಐದಕ್ಕೆ ಏಳುವುದು, ಪರ್ವತಿ ಗುಡ್ಡ ಹತ್ತುವುದು, ಆನ್‌ಲೈನ್ ಖರೀದಿ ಬಿಡುವುದು, ತಿಂಗಳಿಗೆ ಹತ್ತು ಸಾವಿರ ಉಳಿಸುವುದು, ಹಿಂದೂಸ್ತಾನಿ ಸಂಗೀತ ಕಲಿಯುವುದು, ರಾತ್ರಿ ಮೊಬೈಲ್ ಮುಟ್ಟದಿರುವುದು, ಹೊರಗಿನ ತಿಂಡಿ ತಿನ್ನದಿರುವುದು. 21 ದಿನ ಮಾಡಿದರೆ ರೂಢಿಯಾಗುತ್ತದೆ ಎಂದು ಕೇಳಿದ್ದೆ; ಹನ್ನೆರಡನೆಯ ದಿನಕ್ಕೇ ಎಲ್ಲವೂ ಕೈಬಿಟ್ಟವು. ಈಗ ಬೆಳಿಗ್ಗೆ ಏಳಲಿಕ್ಕೇ ಮನಸ್ಸಿಲ್ಲ. ಚಳಿಗಾಲದಲ್ಲಿ ಬೆಳಕು ಕಡಿಮೆಯಾಗಿ ಖಿನ್ನತೆ ಬರುತ್ತದೆ ಎಂದು ಗೆಳತಿ ವಿಟಮಿನ್ ಡಿ ಮಾತ್ರೆ ಕೊಟ್ಟಿದ್ದಾಳೆ. ಚಿಕ್ಕವಳಿದ್ದಾಗ ಎಷ್ಟು ಸೊಗಸಾಗಿದ್ದ ಕಾರ್ತಿಕ ಈಗ ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ನನ್ನಲ್ಲಿ ಮನೋಬಲವೇ ಇಲ್ಲವೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮನೆಯಲ್ಲಿ ಸಾಮಾನು ಹೆಚ್ಚಾಗಿದೆ. ಹಿಡಿದ ಸಂಕಲ್ಪ ನಿಲ್ಲುತ್ತಿಲ್ಲ. ಋತುವಿನ ಸುಖ ಕೈಗೆ ಸಿಗುತ್ತಿಲ್ಲ. ಈ ಮೂರಕ್ಕೂ ನೀವು ಹಚ್ಚಿರುವ ಕಾರಣ ಒಂದೇ, ನಿಮ್ಮ ಮನೋಬಲದ ಕೊರತೆ. ಪುಣೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕುಟುಂಬ ಆಪ್ತಸಮಾಲೋಚನೆ ಮಾಡುತ್ತಿರುವ ನನ್ನ ಬಳಿಗೆ ದೀಪಾವಳಿ ಕಳೆದು ಕಾರ್ತಿಕದ ಕೊನೆಯ ಛಟ್ಟಿ ಅಮಾವಾಸ್ಯೆ ಬರುವುದರೊಳಗೆ ಪ್ರತಿ ವರ್ಷವೂ ಇಂಥ ದೂರು ಹೊತ್ತವರು ಹಲವರು ಬರುತ್ತಾರೆ. ಮನೋಬಲ ಕಡಿಮೆಯಾಗಿ ಹೀಗಾದವರನ್ನು ನಾನು ಅವರಲ್ಲಿ ಕಂಡದ್ದು ಬಹಳ ವಿರಳ. ನಿಮ್ಮ ವಿಷಯದಲ್ಲಂತೂ ಮೂರು ಚೀಲ ತುಂಬಿ, ಹಬ್ಬ ಮಾಡಿ, ಮರುದಿನ ಕುಳಿತು ಏಳು ಸಂಕಲ್ಪ ಬರೆದವರಿಗೆ ಮನೋಬಲವಿಲ್ಲ ಎಂದು ನಾನು ಹೇಗೆ ಒಪ್ಪಲಿ?

ಮೊದಲು 21 ದಿನಗಳ ಮಾತನ್ನು ಪಕ್ಕಕ್ಕೆ ಇಡೋಣ. ಅದರ ಮೂಲ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಒಂದು ಮಾತು. ಶಸ್ತ್ರಚಿಕಿತ್ಸೆಯಾದ ರೋಗಿಗಳಿಗೆ ತಮ್ಮ ಹೊಸ ಮುಖ ಒಗ್ಗಲು ಕನಿಷ್ಠ 21 ದಿನ ಬೇಕಾಗುತ್ತದೆ ಎಂದು ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ಬರುವಾಗ ‘ಕನಿಷ್ಠ’ ಎಂಬ ಪದ ಉದುರಿಹೋಯಿತು, ಮುಖದ ಜಾಗದಲ್ಲಿ ಬೆಳಗಿನ ವಾಯುವಿಹಾರ ಬಂದು ಕುಳಿತಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಹನ್ನೆರಡು ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಕೆಲಸ ಯೋಚಿಸದೆಯೇ ನಡೆಯುವ ಮಟ್ಟಕ್ಕೆ ರೂಢಿಯಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರ ಲೆಕ್ಕ 254 ದಿನಗಳವರೆಗೆ ಹೋಯಿತು. ಊಟದ ಜೊತೆ ಒಂದು ಲೋಟ ನೀರು ಕುಡಿಯುವಂಥ ಸಣ್ಣ ಕೆಲಸ ಬೇಗ ಒಗ್ಗಿತು, ವ್ಯಾಯಾಮ ತಡವಾಗಿ ಒಗ್ಗಿತು. ಅದೇ ಅಧ್ಯಯನದ ಇನ್ನೊಂದು ಅಂಶ ನಿಮಗೆ ಹೆಚ್ಚು ಬೇಕಾದದ್ದು: ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿಗೆ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ಹನ್ನೆರಡನೆಯ ದಿನ ತಪ್ಪಿದಾಗ ನಿಮ್ಮ ಸಂಕಲ್ಪ ಮುರಿದಿರಲಿಲ್ಲ. ಮುರಿಯಿತು ಎಂದುಕೊಂಡು ನೀವು ಹದಿಮೂರನೆಯ ದಿನ ಅದನ್ನು ಬಿಟ್ಟಿರಿ.

ಇನ್ನು ಬೆಳಕಿನ ಮಾತು. ಋತುಮಾನದ ಖಿನ್ನತೆ ಎಂಬುದು ಇದೆ. ವೈದ್ಯಶಾಸ್ತ್ರ ಅದನ್ನು 1984ರಲ್ಲಿ ಹೆಸರಿಟ್ಟು ವಿವರಿಸಿತು. ಆದರೆ ಅದು ಹೆಚ್ಚಾಗಿ ಕಾಣಿಸುವುದು ಚಳಿಗಾಲದ ಹಗಲು ಬಹಳ ಚಿಕ್ಕದಾಗುವ ಉತ್ತರದ ದೇಶಗಳಲ್ಲಿ. ಪುಣೆಯಲ್ಲಿ ವರ್ಷದ ಅತಿ ಚಿಕ್ಕ ಹಗಲು ಸುಮಾರು ಹನ್ನೊಂದು ತಾಸಿನದು, ಅತಿ ದೊಡ್ಡದು ಹದಿಮೂರು ತಾಸು ಹತ್ತು ನಿಮಿಷದಷ್ಟು. ಇಷ್ಟು ಸಣ್ಣ ಏರುಪೇರಿನ ಮೇಲೆ ನಿಮ್ಮ ಬೇಸರದ ಹೊರೆಯನ್ನೆಲ್ಲ ಹೊರಿಸಲಾಗದು.

ಹಾಗೆಂದು ಋತುವಿನ ಪಾತ್ರ ಏನೂ ಇಲ್ಲವೆಂದಲ್ಲ, ಅದು ಬೇರೆ ಕಡೆ ಇದೆ. ಜೂನ್ ಮೊದಲ ವಾರ ಪುಣೆಯಲ್ಲಿ ಸೂರ್ಯ ಆರಕ್ಕೆ ಮುಂಚೆಯೇ ಹುಟ್ಟುತ್ತಾನೆ. ನವೆಂಬರ್ ಕೊನೆಗೆ ಅದು 6.48ರ ಹೊತ್ತಿಗೆ ಸರಿಯುತ್ತದೆ, ಜನವರಿ ನಡುವಿಗೆ ಏಳು ದಾಟುತ್ತದೆ. ಗದಗಿಗಿಂತ ಇಲ್ಲಿ ಹತ್ತು ಹನ್ನೆರಡು ನಿಮಿಷ ತಡವೇ. ಬೇಸಿಗೆಯಲ್ಲಿ ಐದಕ್ಕೆ ಏಳುವವರು ಬೆಳಕಿಗಾಗಿ ಒಂದು ತಾಸು ಕಾದರೆ, ಕಾರ್ತಿಕದಲ್ಲಿ ಐದಕ್ಕೆ ಏಳುವವರು ಹತ್ತಿರ ಹತ್ತಿರ ಎರಡು ತಾಸು ಕಾಯಬೇಕು, ಅದೂ ಚಳಿಯಲ್ಲಿ. ವರ್ಷದಲ್ಲೇ ಕಠಿಣವಾದ ಕಾಲವನ್ನು ಆರಿಸಿಕೊಂಡು ನೀವು ಈ ನೇಮ ಹಿಡಿದಿರಿ. ಇಷ್ಟಾಗಿ ಏಳುವುದರಿಂದ ಗುಡ್ಡದ ಮೇಲೆ ಒಳ್ಳೆಯ ಗಾಳಿಯಾದರೂ ಸಿಗುತ್ತದೆಯೇ ಎಂದರೆ, ಈ ತಿಂಗಳುಗಳಲ್ಲಿ ನಸುಕಿನ ತಂಪು ಗಾಳಿ ನೆಲಕ್ಕೆ ಅಂಟಿಕೊಂಡು ಹೊಗೆಯನ್ನೂ ಧೂಳನ್ನೂ ಕೆಳಗೇ ಹಿಡಿದಿಡುತ್ತದೆ, ಬಿಸಿಲೇರಿದ ಮೇಲೆಯೇ ಅದು ಚದುರುವುದು. ಪರ್ವತಿಯ 103 ಮೆಟ್ಟಿಲುಗಳನ್ನು ಬಿಸಿಲೇರಿದ ಮೇಲೆ ಹತ್ತಿದರೆ ಶ್ವಾಸಕೋಶಕ್ಕೂ ಹಿತ, ಮನಸ್ಸಿಗೂ ಹಿತ. ವಾರಕ್ಕೆ ಎರಡು ದಿನ ಸಾಕು.

ಗೆಳತಿಯ ಮಾತ್ರೆಯನ್ನು ಸದ್ಯ ಪಕ್ಕಕ್ಕಿಡಿ. ನಮ್ಮ ನಗರಗಳಲ್ಲಿ ವಿಟಮಿನ್ ಡಿ ಕೊರತೆ ಸಾಮಾನ್ಯವೆಂಬುದು ನಿಜ. ಅದಕ್ಕೆ ಕಾರಣ ಋತುವಿಗಿಂತ ಹೆಚ್ಚಾಗಿ ನಾವು ಇಡೀ ದಿನ ಸೂರಿನ ಕೆಳಗೆ ಇರುವುದು. ವಾರಕ್ಕೊಂದು ನುಂಗುವ 60,000 ಯುನಿಟ್‌ನ ಮಾತ್ರೆಯನ್ನು ಪರೀಕ್ಷೆಯಿಲ್ಲದೆ ತಿಂಗಳುಗಟ್ಟಲೆ ತೆಗೆದುಕೊಂಡು, ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿಕೊಂಡವರಿದ್ದಾರೆ. ನಾನು ವೈದ್ಯೆಯಲ್ಲ, ಆದ್ದರಿಂದಲೇ ನಿಮ್ಮ ವಯಸ್ಸಿನವರು ಆಯಾಸ ಎಂದಾಗ ಮೊದಲು ವೈದ್ಯರ ಬಳಿಗೆ ಕಳುಹಿಸಿ ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಡಿ ಮತ್ತು ಬಿ12 ನೋಡಿಸಿಕೊಳ್ಳಿ ಎನ್ನುತ್ತೇನೆ. ಬೇಸರ ಎರಡು ವಾರಕ್ಕೂ ಹೆಚ್ಚು ದಿನ ಬಿಡದೆ ಕಾಡಿದರೆ, ನಿದ್ರೆ ಊಟ ಕೆಟ್ಟರೆ, ಬದುಕೇ ಬೇಡವೆನಿಸಿದರೆ ಇದು ಸಂಕಲ್ಪದ ವಿಷಯವಾಗಿ ಉಳಿಯುವುದಿಲ್ಲ. ಆಗ ಮನೋವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು.

ಈಗ ಚೀಲಗಳ ವಿಷಯಕ್ಕೆ ಬರುತ್ತೇನೆ. ನನ್ನ ಅಂದಾಜಿನಲ್ಲಿ ನಿಮ್ಮ ಬೇಸರದ ಬೇರು ಅಲ್ಲಿದೆ.

ಒಂದು ವರ್ಷ ಬಳಸದ್ದನ್ನು ಬಿಸಾಡಿ ಎಂಬ ನಿಯಮ ಒಬ್ಬರೇ ಇರುವ ಮನೆಗೆ, ಬಟ್ಟೆಯ ಕಪಾಟಿಗೆ ಚೆನ್ನಾಗಿ ಹೊಂದುತ್ತದೆ. ನಮ್ಮ ಮನೆಗಳ ವಸ್ತುಗಳಿಗೆ ಪಂಚಾಂಗವಿದೆ. ಶ್ಯಾವಿಗೆ ಮಣೆ ಬೇಸಿಗೆಯಲ್ಲಿ ಒಂದು ವಾರ ಕೆಳಗಿಳಿಯುತ್ತದೆ, ಸಕ್ಕರೆ ಅಚ್ಚು ಹುಣ್ಣಿಮೆಯ ಮುಂಚಿನ ನಾಲ್ಕು ದಿನ. ಒಂದು ವರ್ಷ ಮನೆಯಲ್ಲಿ ಸೂತಕವಿದ್ದರೆ ಅಥವಾ ಯಾರಿಗಾದರೂ ಕಾಯಿಲೆಯಾಗಿದ್ದರೆ ಅದೂ ಇಲ್ಲ. ನಿಮ್ಮ ಅತ್ತೆಯವರು ಗಂಡನನ್ನು ಕಳೆದುಕೊಂಡು ಬಂದಿದ್ದಾರೆ. ಮೊದಲ ವರ್ಷ ಅವರು ಹಬ್ಬವನ್ನೇ ಮಾಡಿರಲಿಕ್ಕಿಲ್ಲ. ನಿಮ್ಮ ನಿಯಮದ ಲೆಕ್ಕದಲ್ಲಿ ಆ ಅಚ್ಚುಗಳು ‘ಬಳಸದ ವಸ್ತು’ವಾದದ್ದು ಹೀಗೆ.

ಆ ಅಚ್ಚುಗಳನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಎರಡು ಹೋಳು ಮರ, ಒಳಮೈಯಲ್ಲಿ ತಿರುವುಮುರುವಾಗಿ ಕೆತ್ತಿದ ಆನೆಯೋ ಒಂಟೆಯೋ ನವಿಲೋ, ಪಾಕ ಹೊಯ್ಯಲು ಬುಡದಲ್ಲೊಂದು ಕಿಂಡಿ, ದಾರ ಬಿಗಿದು ಬಿಗಿದು ಹೊರಮೈಯಲ್ಲಿ ಬಿದ್ದ ಗೆರೆ. ಬಹುಶಃ ಒಂದೆರಡು ಕಡೆ ಹಳೆಯ ಸಕ್ಕರೆ ಇನ್ನೂ ಕಚ್ಚಿಕೊಂಡಿರಬಹುದು. ನಮ್ಮ ಕಡೆ ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಗೌರಿ ಹುಣ್ಣಿಮೆಗೆ ಸೀರೆಯ ಜೊತೆಗೆ ಸಕ್ಕರೆ ಆರತಿ ಕೊಟ್ಟುಬರುವ ಪದ್ಧತಿ ನಿಮಗೆ ಗೊತ್ತೇ ಇದೆ. ನಿಮಗೆ ಬಂದ ಆರತಿಯೂ ಅದೇ ಅಚ್ಚಿನದಾಗಿದ್ದರೆ ಆಶ್ಚರ್ಯವಿಲ್ಲ, ಅತ್ತೆಯವರನ್ನು ಕೇಳಿ ನೋಡಿ.

ಊರ ಮನೆ ಮುಚ್ಚಿ ಬಂದ ಹಿರಿಯರನ್ನು ನಾನು ಈ ನಗರದಲ್ಲಿ ಬಹಳ ನೋಡಿದ್ದೇನೆ. ಅಂಗಳ, ಪಡಸಾಲೆ, ಅಡುಗೆಮನೆಯ ಒಡೆತನ ಎಲ್ಲವನ್ನೂ ಬಿಟ್ಟು ಬಂದವರಿಗೆ ಉಳಿಯುವ ಜಾಗ ಒಂದು ಮಂಚ, ಅದರ ಕೆಳಗಿನ ನೆಲ. ನೀವು ಮಾಡಿದ ತಪ್ಪು ಎಂದರೆ ಸಾಮಾನು ಕಡಿಮೆ ಮಾಡಿದ್ದಲ್ಲ, ಅವರ ಸಾಮಾನನ್ನು ಅವರನ್ನು ಕೇಳದೆ ಕಡಿಮೆ ಮಾಡಿದ್ದು. ಇದನ್ನು ದೂಷಿಸಲು ಹೇಳುತ್ತಿಲ್ಲ. ನಾನೇ ನನ್ನ ತಾಯಿಯ ಶ್ಯಾವಿಗೆ ಮಣೆಯನ್ನು ಹಳೆ ಸಾಮಾನಿನವನಿಗೆ ತೂಕಕ್ಕೆ ಹಾಕಿ, ಆಕೆ ಏಪ್ರಿಲ್‌ನಲ್ಲಿ ಬಂದು ಅಟ್ಟ ಹುಡುಕುವಾಗ ಬಾಯಿ ಮುಚ್ಚಿಕೊಂಡು ನಿಂತವಳು.

ಮನೆ ಮತ್ತೆ ತುಂಬುವುದಕ್ಕೆ ಇನ್ನೊಂದು ಸರಳ ಕಾರಣವಿದೆ. ನಾವು ಮನೆ ಖಾಲಿ ಮಾಡುವ ವಾರವೇ ಹಬ್ಬದ ರಿಯಾಯಿತಿಯ ವಾರವೂ ಆಗಿರುತ್ತದೆ. ಖಾಲಿ ಕಪಾಟು ಕಂಡ ಕಣ್ಣು ಅದನ್ನು ತುಂಬುವ ವಸ್ತುವನ್ನು ತಾನೇ ಹುಡುಕುತ್ತದೆ. ಹಳೆ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ಪಡೆಯುವ ವ್ಯವಹಾರ ಇನ್ನೂ ಸ್ವಾರಸ್ಯದ್ದು: ಹತ್ತು ಸೀರೆ ಹೋಗಿ ಒಂದು ಡಬರಿ ಬರುತ್ತದೆ, ಅಟ್ಟದಲ್ಲಿ ಅದೇ ಗಾತ್ರದ ನಾಲ್ಕು ಆಗಲೇ ಕುಳಿತಿರುತ್ತವೆ.

ಹಾಗಾದರೆ ಏನು ಮಾಡಬಹುದು? ಉಳಿದ ಚೀಲವನ್ನೂ ಕಳುಹಿಸಿ, ಒಂದೇ ಬೀಸಿಗೆ ಕೆಲಸ ಮುಗಿಸುವುದು ಒಂದು ದಾರಿ. ಮನೆ ಖಂಡಿತ ಹಗುರಾಗುತ್ತದೆ. ಅತ್ತೆಯವರ ಮೌನ ಇನ್ನೂ ಭಾರವಾಗುತ್ತದೆ. ಹಣ ಕೊಟ್ಟು ಹೊರಗಿನವರಿಂದ ಮನೆ ಜೋಡಿಸಿಕೊಳ್ಳುವುದು ಈಗ ಪುಣೆಯಲ್ಲಿ ರೂಢಿಗೆ ಬಂದಿದೆ. ಅಡುಗೆಮನೆಗೆ, ಮಕ್ಕಳ ಪುಸ್ತಕಗಳಿಗೆ ಅದು ಒಳ್ಳೆಯದೇ, ಆದರೆ ಮಂಚದ ಕೆಳಗಿನ ಸಾಮಾನಿಗೆ ಹೊರಗಿನವರ ಕೈ ಸಲ್ಲದು. ಈ ವರ್ಷ ಏನೂ ಮಾಡದೆ ಬಿಡುವುದು ಮೂರನೆಯ ದಾರಿ. ಅದರ ಅಪಾಯ ನಿಮಗೇ ಗೊತ್ತು, ಬರುವ ದೀಪಾವಳಿಗೆ ಸಿಟ್ಟಿನಲ್ಲಿ ಐದು ಚೀಲ ತುಂಬುತ್ತೀರಿ.

ನಾನು ಹೆಚ್ಚಾಗಿ ಸೂಚಿಸುವುದು ನಾಲ್ಕನೆಯದನ್ನು. ಸಾಮಾನನ್ನು ಕೋಣೆಯ ಪ್ರಕಾರ ನೋಡದೆ ಋತುವಿನ ಪ್ರಕಾರ ನೋಡಿ. ಈ ತಿಂಗಳು ಹೊದಿಕೆಗಳು ಮಾತ್ರ. ಮಳೆಗಾಲದ ತೇವ ಕುಡಿದು ಕಪಾಟಿನಲ್ಲಿ ಮುಗ್ಗಲು ಹಿಡಿದ ಕೌದಿ, ಕಂಬಳಿ, ಸ್ವೆಟರ್‌ಗಳನ್ನು ಗಚ್ಚಿಯ ಮೇಲೆ ಬಿಸಿಲಿಗೆ ಹಾಕಲು ಪುಣೆಯಲ್ಲಿ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಗಾಳಿ ಒಣಗಿರುತ್ತದೆ, ಬಿಸಿಲು ಬಣ್ಣ ಸುಡುವಷ್ಟು ಚುರುಕಾಗಿರುವುದಿಲ್ಲ. ಅತ್ತೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ, ಕುರ್ಚಿ ಹಾಕಿ ಕೂರಿಸಿ. ಯಾವ ಕೌದಿ ಯಾರ ಸೀರೆಯದು, ಯಾವ ಅಂಚು ಯಾರ ಮದುವೆಯದು ಎಂಬುದು ಅವರಿಗೆ ಮಾತ್ರ ಗೊತ್ತಿರುತ್ತದೆ. ಹೀಗೆ ಮಾತನಾಡುತ್ತ ಕುಳಿತ ಹಿರಿಯರು ‘ಇದು ಹರಿದು ಹೋಗೇದ, ಯಾರಿಗಾದ್ರೂ ಕೊಟ್ಟುಬಿಡು’ ಎಂದು ತಾವಾಗಿ ಹೇಳುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಹೇಳದಿದ್ದರೆ ಆ ಕೌದಿ ಇರಲಿ. ಅವರ ವಸ್ತುಗಳಿಗೆ ಒಂದು ಕಪಾಟು ಅಥವಾ ಒಂದು ಟ್ರಂಕು ಪೂರ್ತಿಯಾಗಿ ಬಿಟ್ಟುಕೊಡಿ, ಅದರಲ್ಲಿ ಏನಿರಬೇಕು ಏನು ಬೇಡ ಎಂಬ ತೀರ್ಮಾನ ಅವರದಾಗಲಿ. ಈ ದಾರಿಯ ದೋಷ ಒಂದೇ, ಅದು ನಿಧಾನ. ಒಂದು ವರ್ಷದ ಚಕ್ರ ಪೂರ್ತಿ ಸುತ್ತಿದ ಮೇಲಷ್ಟೇ ಫಲ ಕಾಣುತ್ತದೆ, ಅಲ್ಲಿಯವರೆಗೆ ಬಾಲ್ಕನಿಯಲ್ಲಿ ಒಂದು ಚೀಲ ಇದ್ದೇ ಇರುತ್ತದೆ. ಬಟ್ಟೆಯ ನಡುವೆ ಡಾಂಬರ್ ಗುಳಿಗೆ ಇಡುವ ಅಭ್ಯಾಸವಿದ್ದರೆ, ಹಸುಗೂಸಿಗೆ ಹೊದಿಸುವ ಬಟ್ಟೆಯಲ್ಲಿ ಅದನ್ನು ಎಂದೂ ಇಡಬೇಡಿ. ಕೆಲವು ಶಿಶುಗಳಲ್ಲಿ ಅದರಿಂದ ರಕ್ತಕಣಗಳು ಒಡೆದು ಕಾಮಾಲೆಯಾಗುತ್ತದೆ.

ಸಂಕಲ್ಪಗಳ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ನಮ್ಮ ಅಜ್ಜಿಯ ಚಾತುರ್ಮಾಸ್ಯದಿಂದ ಹೇಳುವುದೇ ಸುಲಭ. ಆಷಾಢ ಶುದ್ಧ ಏಕಾದಶಿಯಿಂದ ಕಾರ್ತಿಕ ಶುದ್ಧ ದ್ವಾದಶಿಯವರೆಗಿನ ನಾಲ್ಕು ತಿಂಗಳಲ್ಲಿ ಆಕೆ ಮೊದಲ ತಿಂಗಳು ಕಾಯಿಪಲ್ಲೆ ಬಿಡುತ್ತಿದ್ದಳು, ಎರಡನೆಯ ತಿಂಗಳು ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ಬೇಳೆಕಾಳು. ಒಂದು ತಿಂಗಳಿಗೆ ಒಂದೇ ವ್ರತ; ಮುಂದಿನದು ಶುರುವಾಗುವಾಗ ಹಿಂದಿನದು ಎಲೆಗೆ ಮರಳಿ ಬರುತ್ತಿತ್ತು. ಉತ್ಥಾನ ದ್ವಾದಶಿಯಂದು ತುಳಸಿಗೆ ನೆಲ್ಲಿಯ ಟೊಂಗೆ ಸಿಕ್ಕಿಸಿ, ದೀಪ ಹಚ್ಚಿ, ಎಲ್ಲವನ್ನೂ ಮುಗಿಸಿ ಸಮಾಧಾನವಾಗಿ ಊಟಕ್ಕೆ ಕೂರುತ್ತಿದ್ದಳು. ಆಕೆಯ ಭಕ್ತಿಯ ಮಾತು ಬೇರೆ. ನನ್ನ ವೃತ್ತಿಯ ಕಣ್ಣಿಗೆ ಕಾಣುವುದು ಆ ಏರ್ಪಾಟಿನ ಜಾಣತನ: ನೇಮ ಒಂದು, ಅದಕ್ಕೆ ಶುರುವಾಗುವ ತಿಥಿ ಇದ್ದಂತೆ ಮುಗಿಯುವ ತಿಥಿಯೂ ಇದೆ, ಮುಗಿದ ದಿನ ಉದ್ಯಾಪನೆಯೂ ಇದೆ. ನಿಮ್ಮ ಪಟ್ಟಿಯಲ್ಲಿದ್ದದ್ದು ಏಳು ನೇಮ, ಏಳಕ್ಕೂ ಕೊನೆಯ ದಿನವಿಲ್ಲ. ಜೀವಮಾನಪೂರ್ತಿ ಐದಕ್ಕೆ ಏಳಬೇಕೆಂದು ಗೊತ್ತಾದ ದೇಹ ಹನ್ನೆರಡನೆಯ ದಿನವೇ ಮುಷ್ಕರ ಹೂಡಿದರೆ ತಪ್ಪೇನು?

ಆದ್ದರಿಂದ ಪಟ್ಟಿಯನ್ನು ಹರಿಯಬೇಡಿ, ತಿಂಗಳುಗಳಿಗೆ ಹಂಚಿ. ಮಾರ್ಗಶಿರಕ್ಕೆ ಒಂದೇ ಒಂದು: ರಾತ್ರಿ ಮೊಬೈಲ್. ಅದನ್ನೇ ಮೊದಲು ಹೇಳಲು ಕಾರಣ, ತಡರಾತ್ರಿಯ ಖರೀದಿಯೂ ಬೆಳಗಿನ ಆಯಾಸವೂ ಹೆಚ್ಚಾಗಿ ಅದೇ ಬಾಗಿಲಿನಿಂದ ಬರುತ್ತವೆ. ‘ರಾತ್ರಿ ಮುಟ್ಟುವುದಿಲ್ಲ’ ಎಂದು ಬರೆದರೆ ನಿಲ್ಲುವುದಿಲ್ಲ. ಸಂಜೆ ದೇವರ ಮುಂದೆ ದೀಪ ಹಚ್ಚುವುದೋ, ಹಾಲಿಗೆ ಹೆಪ್ಪು ಹಾಕುವುದೋ, ದಿನವೂ ತಪ್ಪದೆ ನಡೆಯುವ ಯಾವುದಾದರೂ ಒಂದು ಕೆಲಸಕ್ಕೆ ಅದನ್ನು ಗಂಟು ಹಾಕಿ: ಹೆಪ್ಪು ಹಾಕಿದ ಕೂಡಲೇ ಫೋನು ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಹೋಗುತ್ತದೆ. ಮಾರ್ಗಶಿರದ ಕೊನೆಯ ಎಳ್ಳ ಅಮಾವಾಸ್ಯೆಯ ದಿನ ಈ ನೇಮ ಮುಗಿಯಿತು ಎಂದು ಮನೆಯವರಿಗೆ ಹೇಳಿ, ಏನಾದರೂ ಸಿಹಿ ಮಾಡಿ. ಆಮೇಲೆ ಅದನ್ನು ಮುಂದುವರಿಸುವುದು ಬಿಡುವುದು ನಿಮ್ಮ ಇಷ್ಟ. ಹತ್ತು ಸಾವಿರದ ಉಳಿತಾಯಕ್ಕೆ ಮನೋಬಲವನ್ನು ಖರ್ಚು ಮಾಡಲೇಬೇಡಿ, ಸಂಬಳದ ಮರುದಿನ ತಾನಾಗಿ ಕಡಿತವಾಗುವಂತೆ ಬ್ಯಾಂಕಿನಲ್ಲಿ ಹೇಳಿಬಿಡಿ, ಮೊದಲ ಆರು ತಿಂಗಳು ಐದು ಸಾವಿರವೇ ಇರಲಿ.

ಸಂಗೀತ ಕಲಿಯುವುದನ್ನು ಈ ವರ್ಷದ ಪಟ್ಟಿಯಿಂದ ತೆಗೆಯಿರಿ ಎಂದರೆ ನಿಮಗೆ ನೋವಾಗಬಹುದು. ಅದರ ಜಾಗದಲ್ಲಿ ಒಂದು ಸಂಜೆ ಕೇಳಲು ಹೋಗಿ. ನಿಮ್ಮ ಜಿಲ್ಲೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಶುರುಮಾಡಿದ ಮಹೋತ್ಸವ ಪ್ರತಿ ಡಿಸೆಂಬರ್‌ನಲ್ಲಿ ನಿಮ್ಮದೇ ನಗರದಲ್ಲಿ ನಡೆಯುತ್ತದೆ. ಶಾಲು ಹೊದ್ದು ನೆಲದ ಮೇಲೆ ಕುಳಿತು ಕೇಳುವ ಆ ಸಂಜೆಗೆ ಗುರುದಕ್ಷಿಣೆಯೂ ಇಲ್ಲ, ಅಭ್ಯಾಸ ತಪ್ಪಿತೆಂಬ ಅಳುಕೂ ಇಲ್ಲ. ಕಲಿಯುವ ಆಸೆ ಆಮೇಲೂ ಉಳಿದರೆ ಅದು ನಿಜವಾದ ಆಸೆ.

ಕೊನೆಯದಾಗಿ, ಕಾರ್ತಿಕ ಕೈತಪ್ಪಿತು ಎಂಬ ಕೊರಗು. ಊರಿನ ಕಾರ್ತಿಕವನ್ನು ಸಿಂಹಗಡ ರಸ್ತೆಯಲ್ಲಿ ಹುಡುಕಿದರೆ ಸಿಗಲಾರದು. ಆದರೆ ಇಲ್ಲಿಯ ಋತು ನಮ್ಮ ಸೀಮೆಗೆ ಅಷ್ಟೇನೂ ಪರಕೀಯವಲ್ಲ. ಮಹಾತ್ಮಾ ಫುಲೆ ಮಂಡಈ ಮಾರುಕಟ್ಟೆಯಲ್ಲಿ ಈಗ ಪುರಂದರದ ಸೀತಾಫಲ ಮುಗಿಯುತ್ತ ಬಂದು ಪೇರಲ, ನೆಲ್ಲಿಕಾಯಿ, ಎಳೆ ಮೆಂತ್ಯ, ಅವರೆಯ ಬಳಗದ ಪಾವಟೆ ರಾಶಿ ಬೀಳುತ್ತಿವೆ. ಮಾವಳದ ಹೊಸ ಇಂದ್ರಾಯಣಿ ಅಕ್ಕಿ ಬರುತ್ತಿದೆ. ಹೊಸ ಅಕ್ಕಿಗೆ ನೀರು ಕಡಿಮೆ ಇಡಿ, ಮುದ್ದೆಯಾಗುವುದೇ ಅದರ ಗುಣ, ಬಿಸಿಯಾಗಿದ್ದಾಗಲೇ ತುಪ್ಪ ಹಾಕಿಕೊಂಡು ಉಣ್ಣಬೇಕು. ಇನ್ನೊಂದು ತಿಂಗಳಲ್ಲಿ ಇಲ್ಲಿಯವರು ಹುರಡಾ ತಿನ್ನಲು ಹೊಲಗಳಿಗೆ ಹೊರಡುತ್ತಾರೆ. ಅದು ನಮ್ಮ ಸೀತನಿಯೇ, ಕೆಂಡದಲ್ಲಿ ಸುಟ್ಟು ಅಂಗೈಯಲ್ಲಿ ಉಜ್ಜಿ ಉದುರಿಸಿದ ಎಳೆಜೋಳದ ಕಾಳು. ಅತ್ತೆಯವರನ್ನು ಕರೆದೊಯ್ಯಿರಿ. ತೆನೆಯನ್ನು ಎಷ್ಟು ಸುಡಬೇಕೆಂದು ಅವರು ಅಲ್ಲಿಯ ರೈತನಿಗೇ ಪಾಠ ಹೇಳಿಯಾರು. ಇವನ್ನೂ ಒಂದು ಪಟ್ಟಿ ಮಾಡಿ ಗುರುತು ಹಾಕುತ್ತ ಕೂರಬೇಡಿ. ಇವುಗಳಲ್ಲಿ ಒಂದು ಸಿಕ್ಕಿ ಉಳಿದವು ತಪ್ಪಿದರೂ ಋತು ದಕ್ಕಿದಂತೆಯೇ.

ಅಚ್ಚುಗಳ ಬಗ್ಗೆ ಅತ್ತೆಯವರ ಹತ್ತಿರ ಉದ್ದದ ಕ್ಷಮಾಪಣೆ ಬೇಡ. ‘ನೋಡದೆ ಚೀಲಕ್ಕೆ ಹಾಕಿದೆ, ತಪ್ಪಾಯಿತು’ ಎಂದು ಒಂದು ಮಾತು ಹೇಳಿ, ಜನವರಿಯಲ್ಲಿ ಸಂಕ್ರಾಂತಿಗೆ ಅವನ್ನು ಹೊರಗೆ ತೆಗೆಯೋಣವೇ ಎಂದು ಕೇಳಿ. ಗೌರಿ ಹುಣ್ಣಿಮೆಯ ಅಚ್ಚನ್ನು ಸಂಕ್ರಾಂತಿಗೆ ಬಳಸುವುದು ಗದಗಿನ ರೂಢಿಯಲ್ಲ ಎಂದು ಅವರು ಮೊದಲು ಆಕ್ಷೇಪಿಸಬಹುದು. ಮೈಸೂರಿನ ಕಡೆ ಸಕ್ಕರೆ ಅಚ್ಚು ಮಾಡುವುದೇ ಸಂಕ್ರಾಂತಿಗೆ ಎಂದು ತಿಳಿಸಿ. ಅಕ್ಕಪಕ್ಕದ ಮರಾಠಿ ಮನೆಗಳಿಂದ ಸಂಕ್ರಾಂತಿಯ ಎಳ್ಳುಬೆಲ್ಲ, ಅವರ ತಿಳಗೂಳ, ಬಂದಾಗ ತಟ್ಟೆ ಬರಿದಾಗಿ ಮರಳಬಾರದಲ್ಲ, ಒಂದೊಂದು ಆನೆ, ಒಂದೊಂದು ನವಿಲು ಹೋಗಲಿ. ಯುಗಾದಿಯ ಗುಡಿ ಪಾಡ್ವಾಕ್ಕೆ ಸಕ್ಕರೆಯ ಗಾಠಿ ಮಾಲೆ ಕಟ್ಟುವ ಮನೆಯವರು ಅದನ್ನು ಕಂಡು ಬೆರಗಾಗುವುದಿಲ್ಲ, ಗುರುತು ಹಿಡಿಯುತ್ತಾರೆ. ಪಾಕದ ಹದ ಅತ್ತೆಯವರಿಗೇ ಇರಲಿ, ನೀವು ದಾರ ಬಿಗಿಯಿರಿ. ಹೊಯ್ಯುವುದಕ್ಕೆ ಮುಂಚೆ ಅಚ್ಚುಗಳನ್ನು ಕೆಲವು ತಾಸು ನೀರಿನಲ್ಲಿ ನೆನೆಯಿಡಲು ಮಾತ್ರ ಮರೆಯಬೇಡಿ. ಎರಡು ವರ್ಷ ಒಣಗಿ ಕುಳಿತ ಮರ ಪಾಕವನ್ನು ಕಚ್ಚಿ ಹಿಡಿದುಕೊಂಡರೆ ಒಂಟೆಯ ಕಾಲು ಒಳಗೇ ಉಳಿದುಬಿಡುತ್ತದೆ.